ಬೆಟ್ಟ ಹತ್ತಿದ ಪ್ಯಾಕೆಟ್ಟು

ಚಿಪ್ಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಾಲಂಗೋಚಿ ಅಂತಲೇ ಕರೆಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಅಕ್ಕನ ಬೆನ್ನು ಹಿಡಿದು ಕೆಲಸಕ್ಕೆ ಬಂದವಳು, ಆ ಹೆಸರು ಬೀಳದೆ ಇರುತ್ತದೆಯೇ? ಪ್ಯಾಕೆಟ್ಟಿಗೆ ಗಾಳಿ ತುಂಬಿ, ಕಾದ ಎರಡು ಪಟ್ಟಿಗಳ ನಡುವೆ ಬಾಯಿ ಒತ್ತಿ ಸೀಲ್ ಮಾಡುವುದು ಅವಳ ಕೆಲಸ. ಇದೇನು ಮಹಾ ಅನ್ನುವವರು ನಿಮಿಷಕ್ಕೆ ಹದಿನೆಂಟು ಮಾಡಿ ತೋರಿಸಲಿ, ಆಮೇಲೆ ಮಾತಾಡಲಿ. ಸುಕ್ಕು ಬೀಳದ ಹಾಗೆ ಬಾಯಿ ಎಳೆದು ಹಿಡಿಯುವುದನ್ನು ಕಲಿಸಿದ್ದು ಅಕ್ಕ.

ಆ ಅಕ್ಕನನ್ನು ಮೂರು ವರ್ಷದ ಹಿಂದೆ ಕೆಲಸದಿಂದ ತೆಗೆದರು. ಬೆಟ್ಟದ ಮೇಲಿನ ಊರಿಗೆ ಹೋದ ಪ್ಯಾಕೆಟ್ಟುಗಳು ಒಡೆದು ವಾಪಸ್ ಬರುತ್ತಿದ್ದವು. “ಸೀಲ್ ಸಡಿಲ, ನಿನ್ನ ಕೈ ಕೆಟ್ಟಿದೆ,” ಅಂದುಬಿಟ್ಟ ಸೂಪರ್‌ವೈಸರ್. ಅಕ್ಕ ಹೋದ ಮೇಲೆ ದೂರು ನಿಂತಿತು. ಅದೇ ತಿಂಗಳು ಮೇಲಿನ ಅಂಗಡಿಯವನೂ ಬೇಸತ್ತು ಮಾಲು ತರಿಸುವುದನ್ನು ಬಿಟ್ಟಿದ್ದ. ಅದು ಯಾರ ತಲೆಗೂ ಹೋಗಲಿಲ್ಲ! ಅಕ್ಕ ಮನೆಯಲ್ಲಿ ಕೂತವಳು ಕೂತೇಬಿಟ್ಟಳು. ಬೇರೆ ಕಡೆ ಕೆಲಸ ಕೇಳು ಅಂದರೆ, “ಬೇಡ ಬಿಡೇ, ನನ್ನ ಕೈಯಲ್ಲಿ ಆಗಲ್ಲ,” ಅನ್ನುವಳು.

ಈ ವರ್ಷ ಆ ಊರಿನ ಹೊಸ ಅಂಗಡಿಯೊಂದು ಚಿಪ್ಸ್ ತರಿಸತೊಡಗಿತು, ದೂರೂ ಬೆನ್ನಿಗೇ ಬಂತು. ಸೂಪರ್‌ವೈಸರ್ ಸೀಲ್ ಗಟ್ಟಿಯಾಗಲಿ ಅಂತ ಪಟ್ಟಿಯ ಬಿಸಿ ಏರಿಸಿದ, ಪ್ಯಾಕೆಟ್ಟು ದುಂಡಗೆ ಕಾಣಲಿ ಅಂತ ಗಾಳಿಯನ್ನೂ ಏರಿಸಿದ. ಒಡೆಯುವುದು ಇನ್ನೂ ಹೆಚ್ಚಾಯಿತು.

“ಸೋಮವಾರದ ಲೋಡೂ ಹೀಗೇ ಬಂದ್ರೆ ನೀನೂ ನಿಮ್ಮಕ್ಕನ ಪಕ್ಕದಲ್ಲಿ ಕೂತ್ಕೊ,” ಅಂದ.

ಬಾಲಂಗೋಚಿಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರ ರಜೆ ಹಾಕಿ ಲಾರಿಯನ್ನೇ ಹತ್ತಿದಳು. ತಾನೇ ಸೀಲ್ ಮಾಡಿದ ಒಂದು ಪ್ಯಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡಳು.

ಕೆಳಗೆ ಬೆವರು ಕಿತ್ತುಬರುವ ಸೆಕೆ. ಹತ್ತನೆಯ ತಿರುವಿಗೆ ಕಿವಿ ಗುಂಯ್ ಅಂತು. ಇಪ್ಪತ್ತನೆಯ ತಿರುವಿಗೆ ಚಳಿ ಹಿಡಿದು ಕಿಟಕಿ ಏರಿಸಿದಳು. ಪ್ಯಾಕೆಟ್ಟು ಊದಿಕೊಂಡು ಚರ್ಮ ಬಿಗಿದ ಹಾಗಾಗಿತ್ತು.

“ಅಣ್ಣ, ಇದ್ಯಾಕೆ ಹೀಗೆ?”

“ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತಮ್ಮ,” ಅಂದ ಡ್ರೈವರ್. “ಕೆಳಗಿದ್ದಾಗ ಹೊರಗಿನ ಗಾಳಿ ಪ್ಯಾಕೆಟ್ಟನ್ನ ಒತ್ತಿ ಹಿಡಿದಿರುತ್ತೆ. ಇಲ್ಲಿ ಒತ್ತೋ ಬಲ ಕಮ್ಮಿ, ಒಳಗಿನ ಗಾಳಿ ಉಬ್ಬುತ್ತೆ.”

“ಚಳಿಗೆ ಗಾಳಿ ಕುಗ್ಗಬೇಕಲ್ವಾ?”

“ಕುಗ್ಗುತ್ತೆ, ಒಂಚೂರು. ಉಬ್ಬೋದು ಅದಕ್ಕಿಂತ ಜಾಸ್ತಿ.”

“ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ರು? ಲೋಡ್ ಇಳಿಸಿ ಸೈನ್ ಹಾಕಿಸ್ಕೊಳ್ಳೋದಷ್ಟೇ ನನ್ನ ಕೆಲಸ.”

ಅವನ ಬಾಯಿಗಿಷ್ಟು ಮಣ್ಣು ಹಾಕ! ಅಂದುಕೊಳ್ಳುವಷ್ಟರಲ್ಲಿ ಮಡಿಲಲ್ಲಿ ಫಟ್ ಅಂತು. ಚಿಪ್ಸೆಲ್ಲ ಸೀಟಿನ ಮೇಲೆ. ಅವಳು ಚಿಪ್ಸ್ ಕಡೆ ನೋಡಲಿಲ್ಲ, ಪ್ಯಾಕೆಟ್ಟಿನ ಬಾಯಿ ನೋಡಿದಳು. ಸೀಲ್ ಒಂದು ಎಳೆಯೂ ಬಿಟ್ಟಿರಲಿಲ್ಲ. ಅತಿ ಬಿಸಿಗೆ ಸೀಲಿನ ಪಕ್ಕದ ಹಾಳೆ ಸೆಟೆದಿತ್ತು, ಹರಿದಿದ್ದು ಅಲ್ಲಿ.

ಸೂಪರ್‌ವೈಸರ್ ಬರೀ ಮಾತು ನಂಬುವ ಆಸಾಮಿಯಲ್ಲ. ಅದಕ್ಕೇ ಅವಳು ಬೆಟ್ಟದ ತುದಿಯಲ್ಲಿ ಕುಡಿದು ಖಾಲಿಯಾದ ನೀರಿನ ಬಾಟಲಿಯ ಮುಚ್ಚಳ ಬಿಗಿದು ತಂದಳು. ಕೆಳಗೆ ಬರುವಷ್ಟರಲ್ಲಿ ಅದು ಹಿಂಡಿದ ಹಾಗೆ ಸೊಟ್ಟಗಾಗಿತ್ತು. ಮರುದಿನ ಹರಿದ ಪ್ಯಾಕೆಟ್ಟಿನ ಜೊತೆ ಅದನ್ನೂ ಅವನ ಮೇಜಿನ ಮೇಲೆ ಇಟ್ಟಳು.

“ಮುಚ್ಚಳ ತೆಗೀರಿ ಸಾರ್.”

ತೆಗೆದ. ಬುಸ್ಸಂತ ಗಾಳಿ ಒಳಗೆ ನುಗ್ಗಿ ಬಾಟಲಿ ನೆಟ್ಟಗಾಯಿತು. ಅವನು ಎರಡು ಸಲ ಕೆಮ್ಮಿದ. ಆಮೇಲೆ ಎದ್ದು ಹೋಗಿ ಪಟ್ಟಿಯ ಬಿಸಿ ಇಳಿಸಿದ, ಮೇಲಕ್ಕೆ ಹೋಗುವ ಮಾಲಿಗೆ ಗಾಳಿ ಅರ್ಧ ಮಾಡಿಸಿದ. ಮುಂದಿನ ಸೋಮವಾರದ ಲೋಡಿನಲ್ಲಿ ಒಂದೂ ಒಡೆಯಲಿಲ್ಲ. “ನಿಮ್ಮಕ್ಕನಿಗೂ ಬರೋಕೆ ಹೇಳು,” ಅಂದ, ಮುಖ ಎತ್ತದೆ. ಕ್ಷಮೆ ಗಿಮೆ ಕೇಳುವ ಪೈಕಿ ಅಲ್ಲ ಅವನು.

ಬಾಲಂಗೋಚಿ ಒಂದೇ ಉಸಿರಿಗೆ ಮನೆಗೆ ಬಂದು ಬಾಗಿಲಲ್ಲೇ ಎಲ್ಲ ಒದರಿದಳು. ಬಟ್ಟೆ ಮಡಚುತ್ತಿದ್ದ ಅಕ್ಕ ಪೂರ್ತಿ ಕೇಳಿದಳು. ಕುಣಿದಾಡುತ್ತಾಳೆ ಅಂದುಕೊಂಡಿದ್ದರೆ, ಅವಳು ಕೈಯಲ್ಲಿದ್ದ ಬಟ್ಟೆಯ ಮಡಿಕೆ ಮುಗಿಸಿ ತಲೆ ಎತ್ತಿದಳು.

“ನಿನ್ನ ತಲೆ ಮೇಲೆ ಬಂದಾಗ ಲಾರಿ ಹತ್ತಿದೆ. ನನ್ನ ತೆಗೆದಾಗ ಯಾಕೆ ಹತ್ತಲಿಲ್ಲ?”

ಬಾಲಂಗೋಚಿ ಬಾಗಿಲಲ್ಲೇ ಬಗ್ಗಿ ಚಪ್ಪಲಿ ಕಳಚತೊಡಗಿದಳು.

“ನನ್ನ ಕೈ ಕೆಟ್ಟಿದೆ ಅಂತ ನೀನೂ ನಂಬಿದ್ದೆ, ಅಲ್ವಾ?”

ಸುಳ್ಳು ಹೇಳಬಹುದಿತ್ತು. ಹೇಳಲು ಆಗಲಿಲ್ಲ. “ಹೌದಕ್ಕ, ನಂಬಿದ್ದೆ.”

ಅಕ್ಕ ಮಡಚಿದ ಬಟ್ಟೆಯನ್ನು ಬದಿಗೆ ಸರಿಸಿ ತಂಗಿಗೆ ಕೂರಲು ಜಾಗ ಮಾಡಿದಳು.

“ನಾನೂ ನಂಬಿದ್ದೆ ಕಣೇ,” ಅಂದಳು.