‘ಲಿಂಕ್’ ಪದಕ್ಕೆ ನಿಘಂಟಕ್ಕ ಬರೆದ ಮೂರನೆಯ ಅರ್ಥ

ಆ ದಿನಗಳಲ್ಲಿ ನೂರು ಲಿಂಕ್‌ಗಳಿಗೆ ನಾವು ಪಡೆಯುತ್ತಿದ್ದ ಹಣಕ್ಕೆ ಒಂದು ಹೊಸ ಹೊಲಿಗೆ ಯಂತ್ರ ಬರುತ್ತಿತ್ತು. ಈ ಹೋಲಿಕೆ ನನಗೆ ಸುಮ್ಮನೆ ಹೊಳೆದದ್ದಲ್ಲ. ಅಂಥ ನೂರು ಲಿಂಕ್ ಕೊಂಡವರು ಹೊಲಿಗೆ ಯಂತ್ರ ರಿಪೇರಿ ಮಾಡುವವರೊಬ್ಬರು, ಮಾರಿದವನು ನಾನು.

ಅಂಗಡಿಗಳ ಜಾಲತಾಣಗಳನ್ನು ಅಂತರ್ಜಾಲದ ಹುಡುಕಾಟದಲ್ಲಿ ಮೇಲಕ್ಕೆ ತರುವ ನಮ್ಮ ಕಸುಬಿನಲ್ಲಿ ಪದಗಳ ಅರ್ಥ ಒಂದೆಡೆ ನಿಲ್ಲುವುದಿಲ್ಲ. ಅವುಗಳ ಬೆನ್ನು ಹತ್ತಿ ಇಪ್ಪತ್ತೆರಡು ವರ್ಷ ಬರೆದಿಟ್ಟವರು, ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ನಿಘಂಟಕ್ಕ ಎಂದು ಕರೆಯುವ ಹಿರಿಯರು. ಹಸಿರು ರಟ್ಟಿನ ಅವರ ಪುಸ್ತಕದಲ್ಲಿ ಹಳೆಯ ಅರ್ಥವನ್ನು ಅಳಿಸುವಂತಿರಲಿಲ್ಲ. ಗೆರೆ ಎಳೆದು, ತಾರೀಖು ಹಾಕಿ, ಕೆಳಗೆ ಹೊಸದನ್ನು ಬರೆಯುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ಅದರಲ್ಲಿ ಲಿಂಕ್ ಎಂದರೆ ‘ಬೇರೆ ತಾಣದವರು ಮೆಚ್ಚಿ ನಮ್ಮತ್ತ ತೋರಿಸುವ ದಾರಿ’ ಎಂದಿತ್ತು. ಆಮೇಲೆ ‘ನೂರರ ಲೆಕ್ಕದಲ್ಲಿ ಕೊಳ್ಳುವ ಸರಕು’ ಎಂದಾಯಿತು. ಹುಡುಕಾಟ ನಡೆಸುವ ಕಂಪನಿ ನಿಯಮ ಬದಲಿಸಿದ ಮೇಲೆ, ಒಂದು ಸೋಮವಾರ ಅಕ್ಕ ಮೂರನೆಯದನ್ನು ಎಲ್ಲರೆದುರು ಓದಿದರು: ‘ಕೊಂಡದ್ದಾದರೆ, ಗಿರಾಕಿಯನ್ನು ಹುಡುಕಾಟದಿಂದಲೇ ಹೊರಗೆ ಹಾಕಿಸುವ ಮೋಸ.’

“ಇವತ್ತಿಂದ ಯಾರೂ ಮಾರಬೇಡ್ರಪ್ಪ,” ಎಂದರು.

ನಾನೂ ತಲೆಯಾಡಿಸಿದೆ. ಆ ತಿಂಗಳ ಗುರಿ ಮುಟ್ಟಲು ಇನ್ನೊಬ್ಬ ಗಿರಾಕಿ ಬೇಕಿತ್ತು. ಬುಧವಾರ ಆ ರಿಪೇರಿಯವರಿಗೆ ನೂರು ಲಿಂಕ್ ಮಾರಿದೆ.

ಐದು ವಾರಕ್ಕೆ ರಿಪೇರಿಯವರ ತಾಣ ಹುಡುಕಿದರೂ ಸಿಗದಂತಾಯಿತು. ಫೋನು ಬರುವುದು ನಿಂತಿತು. ಇದ್ದೊಬ್ಬ ಕೆಲಸಗಾರನನ್ನು ಅವರು ಬಿಡಿಸಿದರು. ಅಕ್ಕ ನನ್ನನ್ನು ಅವರ ಅಂಗಡಿಗೆ ಕರೆದೊಯ್ದಾಗ ನಾನು, “ಅಲ್ಗಾರಿದಮ್ ಬದಲಾಗಿದೆ ಸಾರ್,” ಎಂದೆ.

“ಹಂಗಂದ್ರೇನು? ಸೂಜಿ ಮುರಿದ್ರೆ ನಾನು ಸೂಜಿ ಮುರಿದಿದೆ ಅಂತೀನಪ್ಪ.”

“ಸೂಜಿ ಮುರಿದಿದ್ದು ನಾವೇ ಅಣ್ಣ,” ಎಂದರು ಅಕ್ಕ. “ಗೊತ್ತಿದ್ದೂ ಮಾರಿದ್ವಿ.”

‘ನಾವು’ ಎಂದರು, ನನ್ನತ್ತ ತಿರುಗಿಯೂ ನೋಡಲಿಲ್ಲ. ಮುಂದಿನ ನಾಲ್ಕು ತಿಂಗಳು, ತಮ್ಮ ಕೆಲಸ ಮುಗಿದ ಮೇಲೆ ಕೂತು, ಆ ನೂರು ತಾಣಗಳಿಗೂ ಲಿಂಕ್ ತೆಗೆಯಿರೆಂದು ಒಂದೊಂದಾಗಿ ಪತ್ರ ಬರೆದರು. ಮಾರಿದವರು ಯಾರೆಂದು ನಮ್ಮ ಸಂಸ್ಥೆಯ ಮಾಲೀಕರು ಕೇಳಿದಾಗ, “ವಿಭಾಗ ನಾನು ನೋಡ್ಕೊಳ್ಳೋದು, ನನ್ನ ಹೆಸರೇ ಬರ್ಕೊಳ್ಳಿ,” ಎಂದರು. ನಾನು ಅದೇ ಕೋಣೆಯಲ್ಲಿದ್ದೆ. ಹೊರಗೆ ಬಂದ ಮೇಲೆ ಅವರು ಆಡಿದ್ದು ಒಂದೇ ಮಾತು: “ನೀನೇ ಹೇಳ್ತೀಯೇನೋ ಅಂತ ಕಾದೆ ಕಣಪ್ಪ.”

ಹನ್ನೊಂದು ವರ್ಷ ತಡವಾಗಿ ಈ ಬೀಳ್ಕೊಡುಗೆಯಲ್ಲಿ ಹೇಳುತ್ತಿದ್ದೇನೆ. ಅಕ್ಕ ಬಹುಕಾಲ ಆರೋಗ್ಯದಿಂದ ಬಾಳಲಿ. ಹಸಿರು ಪುಸ್ತಕಕ್ಕೆ ಇನ್ನೂ ಹಾಳೆಗಳು ಸೇರಲಿ.

ರಿಪೇರಿಯವರ ತಾಣ ಎಂಟು ತಿಂಗಳಿಗೆ ಮರಳಿತು. ಅವರ ಕೆಲಸಗಾರ ಮರಳಲಿಲ್ಲ. ಅಕ್ಕನಿಗೆ ಬರಬೇಕಿದ್ದ ಸಂಸ್ಥೆಯ ಮುಖ್ಯಸ್ಥರ ಹುದ್ದೆ ನನಗೆ ಬಂತು.