ಗುಂಡಿಯಕ್ಕ ಆರಿಸಿದ ಕಾರ್ಡು

ಗುಂಡಿ ಕಾರ್ಖಾನೆಯ ನಲವತ್ತೆರಡು ಹೆಂಗಸರಿಗೆ ಏಳು ತಿಂಗಳ ಕೂಲಿ ಇನ್ನೂ ಬರಬೇಕು. ಕಾರ್ಖಾನೆಗೆ ಬೀಗ ಬಿದ್ದು ಹದಿನೇಳು ವರ್ಷವಾಯಿತು. ಕಾರ್ಮಿಕ ನ್ಯಾಯಾಲಯದಲ್ಲಿ ಮಾಲೀಕರದು ಒಂದೇ ಪಾಠ: ನಮ್ಮಲ್ಲಿ ಇದ್ದದ್ದು ಹನ್ನೆರಡು ಜನ, ಮಿಕ್ಕವರು ಯಾರೋ ಗೊತ್ತಿಲ್ಲ. ಹಾಜರಿ ಪುಸ್ತಕ ಎಲ್ಲಿ ಎಂದರೆ ಗೆದ್ದಲು ತಿಂದಿತಂತೆ. ಯಾವ ಪುಟ ತಿನ್ನಬೇಕೆಂದು ಗೆದ್ದಲಿಗೂ ಗೊತ್ತಿತ್ತು.

ಆ ಗೊತ್ತಿಲ್ಲದವರಲ್ಲಿ ಗುಂಡಿಯಕ್ಕ ಒಬ್ಬಳು. ಹದಿನಾಲ್ಕು ವರ್ಷ ಅವಳು ಅಂಗಿಯ ಗುಂಡಿಗಳನ್ನು ಮೇಜಿನ ಮೇಲೆ ಹರಡಿ, ತೂತು ಓರೆಯಾದದ್ದನ್ನು ಬೆರಳಿನಿಂದ ಹೊರಗೆ ಚಿಮ್ಮುತ್ತಿದ್ದಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಹರಿದ ಬಟ್ಟೆ ಹೊಲಿಯುತ್ತಾಳೆ. ಅವಳ ಭಾವ, ಅಕ್ಕನ ಗಂಡ, ಆಗ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಬೀಗ ಬೀಳುವ ಮುಂಚಿನ ದಿನ ಗೇಟಿನ ಮುಂದೆ ನಡೆದ ಸಭೆಯನ್ನೂ ತೆಗೆದಿದ್ದ. ಏಳು ತಿಂಗಳದ್ದೂ ಕೊಡುತ್ತೇವೆಂದು ಮ್ಯಾನೇಜರು ಸ್ಟೂಲು ಹತ್ತಿ ನಿಂತು ಹೇಳಿದ್ದು ಅದರಲ್ಲಿ ಇರಬೇಕು. ಮೊನ್ನೆ ಅವನ ಟ್ರಂಕಿನಲ್ಲಿ ಆ ಟೇಪು ಸಿಕ್ಕಿತು, ಅಂಚಿಗೆಲ್ಲ ಬಿಳಿ ಬೂಷ್ಟು.

"ಟೇಪು ತಂದ್ರೆ ಕೋರ್ಟಲ್ಲಿ ಹಾಕೋಕೆ ಮಷಿನೇ ಇಲ್ಲ, ಡಿಸ್ಕಿಗೆ ಹಾಕ್ಸಿ," ಎಂದಳು ವಕೀಲಮ್ಮ. "ಎಲ್ಲೂ ತುಂಡಾಗಬಾರ್ದು. ಬಾಯಿಗೂ ಮಾತಿಗೂ ತಾಳೆ ಇರ್ಬೇಕು. ಇಲ್ದಿದ್ರೆ ನೀವೇ ಅಂಟಿಸಿದ್ದು ಅಂತಾರೆ."

ಭಾವ ಬೂಷ್ಟು ಒರೆಸಿ ಕೈಚೆಲ್ಲಿದ. "ಒಂದು ಸಲ ಓಡುತ್ತೆ ಕಣೇ. ಎರಡನೇ ಸಲಕ್ಕೆ ನನ್ನ ಕೇಳಬೇಡ."

ಹಳೇ ಕಂಪ್ಯೂಟರ್ ಅಂಗಡಿಯವನನ್ನು ಬೀದಿಯವರೆಲ್ಲ ಸ್ಕ್ರೂ ಎನ್ನುತ್ತಾರೆ, ಹಲ್ಲಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡಿರುತ್ತಾನೆ. ಟೇಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಡು ಬೇಕೆಂದು ಇಬ್ಬರೂ ಹೋದಾಗ ಅವನು ಹೊಳೆಯುವ ಡಬ್ಬ ತೆಗೆದಿಟ್ಟ. "ಇದು ತಗೊಳ್ಳಿ ಅಕ್ಕ. ಕಂಪ್ಯೂಟರಲ್ಲೇ ಟಿವಿ ನೋಡ್ಬಹುದು, ರೇಡಿಯೊ ಬರುತ್ತೆ, ರಿಮೋಟೂ ಇದೆ."

"ರೇಡಿಯೊ ಕೇಳೋಕೆ ಬಂದಿಲ್ಲಪ್ಪ. ಹಳೇ ಟೇಪು ನಡುಗಿದ್ರೆ ಈ ಕಾರ್ಡು ಏನ್ ಮಾಡುತ್ತೆ?"

ಸ್ಕ್ರೂವಿಗೆ ಇಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಹಾಕಿರಲಿಲ್ಲ. ಹಾಕಿ ನೋಡೋಣ ಎಂದ.

"ಹಾಳಾದ್ರೂ ಪರವಾಗಿಲ್ಲ ಅನ್ನೋ ಟೇಪು ಕೊಡು ಭಾವ."

ಅಂಥದ್ದು ಅವನಲ್ಲಿ ಒಂದಿತ್ತು. ಹುಡುಗನ ಸೋದರತ್ತೆ ಒಂದು ಕಡೆಯೂ ಕಾಣಲಿಲ್ಲವೆಂದು ಮದುವೆಯವರು ಅವನ ಮುಖಕ್ಕೇ ಎಸೆದುಹೋದ ಟೇಪು. ಅವತ್ತಿನಿಂದ ಅವನು ನಾಲ್ಕು ಜನ ಸೇರಿದ ಕಡೆ ಒಂದು ಮುಖವನ್ನೂ ಬಿಟ್ಟವನಲ್ಲ.

ಮೊದಲ ಕಾರ್ಡಿನಲ್ಲಿ ಮದುವೆಯ ಟೇಪು ಓಡಿತು. ಎರಡೇ ನಿಮಿಷ. ಪರದೆ ನೀಲಿಯಾಗಿ, ಈ ಟೇಪಿನ ನಕಲು ಮಾಡಲು ನಿಮಗೆ ಹಕ್ಕಿಲ್ಲ ಎಂಬ ಬರಹ ಬಂತು.

"ನಾನೇ ತೆಗ್ದಿದ್ದನ್ನ ನಾನೇ ಕದ್ದೆ ಅಂತಿದೆಯಾ ಇದು?" ಭಾವ ಎದ್ದು ನಿಂತ.

ಸ್ಕ್ರೂ ತಲೆ ಕೆರೆದುಕೊಂಡ. ಸಿನಿಮಾ ಕಂಪನಿಯವರು ನಕಲು ತಡೆಯಲು ಟೇಪಿನಲ್ಲಿ ಬೇಕೆಂದೇ ಒಂದು ಗಲಿಬಿಲಿ ಸೇರಿಸಿರುತ್ತಾರೆ, ಅದನ್ನು ಕಂಡರೆ ಈ ಕಾರ್ಡು ಬಾಗಿಲು ಹಾಕುತ್ತದೆ. ಮುದಿ ಟೇಪಿನ ನಡುಕವೂ ಇದರ ಕಣ್ಣಿಗೆ ಹಾಗೇ ಕಂಡಿದೆ ಎಂದ.

"ಹಾಗಾದ್ರೆ ಇದು ಮಾಲೀಕರ ಕಡೇದು. ತೆಗಿ ಆಚೆ," ಎಂದಳು ಗುಂಡಿಯಕ್ಕ.

ಎರಡನೆಯದು ಹೆಬ್ಬೆರಳಷ್ಟು ದಪ್ಪ, ಹೊರಗಿನಿಂದಲೇ ಸಿಕ್ಕಿಸುವಂಥದ್ದು. ಚಿತ್ರ ತೊಳೆದಿಟ್ಟ ಹಾಗಿತ್ತು. ಭಾವ ಭೇಷ್ ಎಂದ. ಗುಂಡಿಯಕ್ಕ ಮಾತ್ರ ಕುರ್ಚಿ ಮುಂದಕ್ಕೆಳೆದು, ರೆಕಾರ್ಡಾದದ್ದನ್ನು ಇಪ್ಪತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು.

"ನಿಲ್ಸು. ಆ ಮುದುಕರ ಚಪ್ಪಾಳೆ ನೋಡು. ಕೈ ಮೊದಲು ಸೇರ್ತು, ಸದ್ದು ಆಮೇಲೆ ಬಂತು."

"ಎಲ್ಲಕ್ಕ? ನನಗೇನೂ ಕಾಣ್ಲಿಲ್ಲ."

"ಮೂಟೆ ಗುಂಡೀಲಿ ಒಂದು ಓರೆ ತೂತು ಹುಡುಕಿದ ಕಣ್ಣಪ್ಪ ಇದು. ಮತ್ತೆ ಹಾಕು."

ಮತ್ತೆ ಹಾಕಿದಾಗ ಸ್ಕ್ರೂ ಬಾಯಿಂದ ಸ್ಕ್ರೂ ಬಿತ್ತು. ಮಸುಕಾದ ಚಿತ್ರಗಳನ್ನು ಆ ಕಾರ್ಡು ಸದ್ದಿಲ್ಲದೆ ಬಿಸಾಡುತ್ತಿತ್ತು. ಮಾತು ಹಿಂದೆ ಬೀಳುತ್ತಿತ್ತು.

ಅವಳು ಅಂಗಡಿಯ ಮೂಲೆಯ ಗುಜರಿ ರಾಶಿಯತ್ತ ಬೆರಳು ತೋರಿಸಿದಳು. "ಅದ್ರಲ್ಲಿ ಏನೂ ಇಲ್ವಾ?"

ಒಂದು ಸತ್ತ ಕಂಪ್ಯೂಟರಿನ ಹೊಟ್ಟೆಯಿಂದ ಸ್ಕ್ರೂ ಧೂಳು ಹಿಡಿದ ಕಾರ್ಡು ಕಿತ್ತ. "ರಿಮೋಟಿಲ್ಲ, ರೇಡಿಯೊ ಇಲ್ಲ. ಇದಕ್ಕೆ ಬುದ್ಧೀನೇ ಇಲ್ಲ ಅಕ್ಕ. ಗೀಚು ಸಮೇತ ಎಲ್ಲಾ ನುಂಗುತ್ತೆ. ಒಂದು ಚಿತ್ರ ಬರ್ಲಿಲ್ಲ ಅಂದ್ರೆ ಹಿಂದಿನದನ್ನೇ ಇನ್ನೊಂದ್ಸಲ ಇಡುತ್ತೆ."

ಅದರಲ್ಲೂ ಮದುವೆಯ ಟೇಪು ಹಾಕಿ ನೋಡಿದರು. ಚಪ್ಪಾಳೆ ಕೊನೆಯವರೆಗೂ ಕೈಗೇ ಕೂಡಿಕೊಂಡು ಬಂತು.

ಆಮೇಲೆ ಗೇಟಿನ ಟೇಪು ಹಾಕಿದರು. ಗೀಚು, ಮಂಜು, ಆಮೇಲೆ ಸ್ಟೂಲಿನ ಮೇಲೆ ಮ್ಯಾನೇಜರು. ಅವನು ಕೈಯೆತ್ತಿ "ನೋಡ್ರಮ್ಮ" ಎನ್ನುತ್ತಿದ್ದ ಹಾಗೆ ಕ್ಯಾಮೆರಾ ಅವನನ್ನು ಬಿಟ್ಟು ಪಕ್ಕಕ್ಕೆ ಹೊರಳಿತು.

"ಭಾವ! ಅವನ ಬಾಯಿ ಎಲ್ಲಿ?"

ಭಾವ ತಲೆ ತಗ್ಗಿಸಿದ. "ಜನ ನಿಂತಿದ್ರಲ್ಲೇ... ಕೈ ತಾನಾಗೇ ಹೋಯ್ತು."

ಮ್ಯಾನೇಜರ ದನಿ ಏಳು ತಿಂಗಳು ಎನ್ನುತ್ತಿದ್ದರೆ, ಪರದೆಯ ಮೇಲೆ ಹೆಂಗಸರ ಮುಖಗಳು ಒಂದೊಂದಾಗಿ ಸಾಗಿದವು, ಮದುವೆಯಲ್ಲಿ ನೆಂಟರನ್ನು ತೋರಿಸಿದ ಹಾಗೆ, ಆತುರವಿಲ್ಲದೆ. ಬೈಯಲು ಬಾಯಿ ತೆರೆದ ಗುಂಡಿಯಕ್ಕ ಹಾಗೇ ಮುಂದಕ್ಕೆ ಬಾಗಿದಳು. ಪ್ರತಿಯೊಬ್ಬಳ ಎದೆಯ ಮೇಲೂ ಕಾರ್ಖಾನೆಯ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ತುಟಿಯಲ್ಲೇ ಎಣಿಸತೊಡಗಿದಳು. ಇಪ್ಪತ್ಮೂರನೆಯವಳು ಅವಳೇ, ತೆಳ್ಳಗೆ, ದುರುಗುಟ್ಟಿಕೊಂಡು. ಸಾಲು ಮುಗಿದಾಗ ಲೆಕ್ಕ ನಲವತ್ತೆರಡು.

"ಬಾಯಿ ಹಾಳಾಗ್ಲಿ ಭಾವ. ನಮ್ಮನ್ನ ಹಿಡ್ದಿದ್ದೀಯ ನೀನು."

ಟೇಪು ಎರಡನೇ ಸಲ ಓಡಲಿಲ್ಲ. ಬೇಕಾಗಿರಲೂ ಇಲ್ಲ.

ಮುಖ ಸಿಕ್ಕಿತು, ಇನ್ನು ಆ ಮುಖದವರು ಬಂದು ನಿಲ್ಲಬೇಕು ಎಂದಿದ್ದಾಳೆ ವಕೀಲಮ್ಮ. ಇಪ್ಪತ್ತೆಂಟು ಜನರನ್ನು ಗುಂಡಿಯಕ್ಕ ಮನೆಮನೆ ತಿರುಗಿ ಹುಡುಕಿದ್ದಾಳೆ. ಹದಿಮೂರು ಜನರ ಸುಳಿವಿಲ್ಲ. ಎಂಟನೇ ಬಿಲ್ಲೆಯವಳಿಗೆ ಎಡಗೆನ್ನೆಯಲ್ಲಿ ಮಚ್ಚೆ. ಮೂವತ್ತೊಂದನೆಯವಳ ಸೊಂಟದಲ್ಲಿ ಮಗು. ಆ ಮಗುವಿಗೆ ಈಗ ಮೀಸೆಯೋ ಜಡೆಯೋ ಬಂದಿರಬೇಕು. ಆ ಹದಿಮೂರರಲ್ಲಿ ಒಬ್ಬಳು ನಿಮ್ಮ ಅವ್ವನಿರಬಹುದು, ಅತ್ತೆಯಿರಬಹುದು, ಗೋಡೆಯಾಚೆಗೆ ದಿನಾ ಕೆಮ್ಮುವ ಮುದುಕಿಯಿರಬಹುದು. ಅಯ್ಯೋ ಪಾಪ ಎನ್ನಬೇಡಿ. ಇವತ್ತೇ ಹೋಗಿ ಕೇಳಿ: ನೀನು ಗುಂಡಿ ಕಾರ್ಖಾನೆಯಲ್ಲಿದ್ದೆಯಾ, ನಿನ್ನ ಬಿಲ್ಲೆ ಎಷ್ಟು? ಹೌದೆಂದರೆ, ಮುಂದಿನ ವಾಯಿದೆಗೆ ಅವಳನ್ನು ಕೈಹಿಡಿದು ಕೋರ್ಟಿಗೆ ಕರೆತನ್ನಿ.