ಬಸ್ಸಿಗೆ ಇದ್ದಿಲು ಸುಟ್ಟ ಉಡಚಮ್ಮ

ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಉಡಚಮ್ಮ ಎರಡು ಇದ್ದಿಲು ತುಂಡುಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಗಿಸುತ್ತಿದ್ದಳು. ಚೆನ್ನಾಗಿ ಬೆಂದ ಜಾಲಿಯ ಇದ್ದಿಲು ಕಂಚಿನ ಬಟ್ಟಲಿನ ಹಾಗೆ ಟಿಣ್ ಎನ್ನಬೇಕು. ಒಳಗೆ ಹಸಿ ಉಳಿದಿದ್ದರೆ ಸದ್ದು ಸತ್ತಿರುತ್ತದೆ. ಅಂಥ ಇದ್ದಿಲಿನ ಚೀಲ ಮಾರುವಂತಿಲ್ಲ. ಜ್ವರ ಬಂದ ದಿನವೂ, ಗಂಡ ತೀರಿಹೋದ ಮರುದಿನವೂ ಅವಳು ಇದನ್ನು ಬಿಟ್ಟಿರಲಿಲ್ಲ. ಆಮೇಲೆ ಹಣೆಗೆ ಅರಿಶಿನದ ಭಂಡಾರ, ಬಾಯಲ್ಲಿ ದೇವಿ ಹುಲಿಗೆಮ್ಮನ ಹೆಸರು, ಒಲೆಗೆ ಬೆಂಕಿ.

ಕುಷ್ಟಗಿಯ ಕಮ್ಮಾರ ಈಶಪ್ಪನ ಕುಲುಮೆಗೆ ಅವಳ ತಾಯಿಯ ಕಾಲದಿಂದಲೂ ಈ ಮನೆಯದೇ ಇದ್ದಿಲು. ಸುಗ್ಗಿಯಲ್ಲಿ ಅವನು ಜೋಳ ಅಳೆದು ಕೊಡುತ್ತಿದ್ದ, ವರ್ಷವಿಡೀ ಇವರು ಇದ್ದಿಲು ಹೊತ್ತು ಹಾಕುತ್ತಿದ್ದರು.

ಮಹಾಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಕುಷ್ಟಗಿಯಿಂದ ಕೊಪ್ಪಳ ಸ್ಟೇಶನ್ನಿಗೆ ಬಸ್ಸು ಓಡಿಸುತ್ತಿದ್ದ ಉಮಾಪತಿ ಸಾವುಕಾರ ಬಸ್ಸಿನ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕೂರಿಸಿಕೊಂಡು ಬಂದ. ಅದರೊಳಗೆ ಇದ್ದಿಲು ಉರಿದು ಹುಟ್ಟುವ ಗ್ಯಾಸಿನಿಂದ ಎಂಜಿನು ನಡೆಯಬೇಕು. ದಿಬ್ಬ ಬಂದರೆ ಮಂದಿ ಇಳಿದು ನೂಕುತ್ತಿದ್ದರು.

“ಮಕ್ಬುಲಸಾಬ, ಬಸ್ಸು ಓಡಸ್ತೀಯೋ, ಅಡಗಿ ಮಾಡ್ತೀಯೋ?” ಎಂದು ಅವರು ಡ್ರೈವರನನ್ನು ಕೆಣಕುವರು.

“ಎರಡೂ ರೀ. ಅನ್ನ ಆದ್ರ ಕರೀತೀನಿ, ಈಗ ನೂಕ್ರಿ.”

ಒಂದು ದಿನ ಸಾವುಕಾರ ಊರ ಹೊರಗೆ ಬಸ್ಸಿನ ರಸ್ತೆಯ ಪಕ್ಕದಲ್ಲಿದ್ದ ಉಡಚಮ್ಮನ ಇದ್ದಿಲು ಭಟ್ಟಿಯ ಹತ್ತಿರವೇ ಬಂದ.

“ಉಡಚವ್ವ, ಪೆಟ್ರೋಲಿನ ಕಾಲ ಮುಗೀತು. ಯುದ್ಧ ನಿಂತ್ರೂ ಅದು ತಿರುಗಿ ಬರಂಗಿಲ್ಲ. ಇನ್ನ ಮೋಟಾರೆಲ್ಲಾ ಇದ್ದಲಿ ಮ್ಯಾಲ ಓಡೂದು. ನೀ ಸುಟ್ಟಿದ್ದಷ್ಟೂ ನನಗ ಕೊಡು.”

“ಈಶಪ್ಪಗ ಏನಂತ ಹೇಳ್ಲಿರಿ?”

“ಅಂವಗ ಬ್ಯಾರೆ ಯಾರರ ಸಿಗ್ತಾರ. ನಾ ಇರೂತನಕ ನಿನ್ನ ಭಟ್ಟಿ ಆರಂಗಿಲ್ಲ” ಎಂದು ಅವನು ಗುಡಿಸಲ ಗೋಡೆಯ ಗೂಡಿನಲ್ಲಿದ್ದ ಭಂಡಾರದ ಬಟ್ಟಲ ಮೇಲೆ ಬಲಗೈಯಿಟ್ಟ. ಹುಲಿಗೆಮ್ಮನ ಭಂಡಾರ ಮುಟ್ಟಿ ಆಣೆಯಿಟ್ಟ ಮೇಲೆ ಉಡಚಮ್ಮ ಮತ್ತೇನು ಕೇಳಿಯಾಳು?

ಇನ್ನು ಇದ್ದಿಲು ಕೊಡಲಾಗದು ಎಂದು ಅವಳು ಹೋಗಿ ಹೇಳಿದಾಗ ಈಶಪ್ಪ ಜಗಳವಾಡಲಿಲ್ಲ. “ಬಸ್ಸಿನ್ಯಾಗ ಕುಂತು ಹೋಗೋರಿಗೂ ಕುಡಗೋಲು ಬೇಕಾಗ್ತಾವಬೇ” ಎಂದಷ್ಟೇ ಅಂದು ತಿದಿಯ ಕಡೆ ತಿರುಗಿದ. ಆ ಮಾತು ಅವಳ ಬೆನ್ನಿಗೆ ಬಹಳ ದಿನ ಅಂಟಿಕೊಂಡಿತ್ತು.

ಬಸ್ಸಿಗೆ ಅಡಕೆಯಷ್ಟು ಸಣ್ಣ ತುಂಡುಗಳೇ ಬೇಕು. ದಿನವಿಡೀ ಕೂತು ಒಡೆಯಬೇಕು, ಜರಡಿ ಹಿಡಿದು ಪುಡಿ ತೆಗೆಯಬೇಕು. ಹಾಗೆ ಒಡೆದದ್ದು ಕುಲುಮೆಗೆ ಬರುವುದಿಲ್ಲ. ಅಲ್ಲಿಗೆ ಮುಷ್ಟಿಯಷ್ಟು ದಪ್ಪನೆಯವು ಬೇಕು. ನಾಲ್ಕು ವರ್ಷ ಉಡಚಮ್ಮ ಒಡೆದಳು. ಒಡೆಯುವ ಮೊದಲೂ ಬೆಳಗಿನ ಆ ಎರಡು ತುಂಡುಗಳ ಸದ್ದು ಕೇಳುವುದನ್ನು ತಪ್ಪಿಸಲಿಲ್ಲ.

ಯುದ್ಧ ಮುಗಿದ ಮರುವರ್ಷ, ಮಳೆಗೆ ಮೊದಲು, ಸಾವುಕಾರ ಹೇಳಿ ಕಳಿಸಿದ: ಮಳೆಗಾಲಕ್ಕೆ ದಾಸ್ತಾನು ಬೇಕು, ಇದ್ದದ್ದೆಲ್ಲ ಒಡೆದಿಡು. ಒಂದು ದಪ್ಪ ತುಂಡೂ ಉಳಿಸದೆ ಒಡೆದಳು. ಗುಡಿಸಲ ಸೂರಿನ ತನಕ ಚೀಲಗಳು ನಿಂತವು.

ಒಂದು ಬೆಳಗ್ಗೆ ಬಸ್ಸು ಭಟ್ಟಿಯ ಹತ್ತಿರ ನಿಲ್ಲದೆ ಭರ್ರನೆ ಹೋಯಿತು. ಹಿಂದೆ ಡ್ರಮ್ಮಿರಲಿಲ್ಲ. ಅದನ್ನು ಬಿಗಿದಿದ್ದ ಮೊಳೆಗಳ ತೂತುಗಳಷ್ಟೇ ಕಂಡವು. ರಿಪೇರಿ ಇರಬೇಕು ಎಂದುಕೊಂಡು ಅವಳು ಮೂರು ದಿನ ಚೀಲ ಇಟ್ಟುಕೊಂಡು ರಸ್ತೆಗೆ ನಿಂತಳು. ನಾಲ್ಕನೆಯ ದಿನ ಮಕ್ಬುಲಸಾಬ ತಾನಾಗಿಯೇ ಗಾಡಿ ನಿಲ್ಲಿಸಿ ಇಳಿದು ಬಂದ.

“ಯಕ್ಕಾ, ನಿಂದರಬ್ಯಾಡ. ಪೆಟ್ರೋಲಿನ ಪರವಾನಗಿ ಸಿಕ್ಕೈತಿ.”

“ಯಾವಾಗ?”

ಅವನು ಟೈರಿನ ಕಡೆ ನೋಡಿದ. “ಕಾಗದ ಬಂದು ಮೂರು ತಿಂಗಳಾತು. ಪೆಟ್ರೋಲಿನ ಪೀಪಾಯಿ ಈಗ ಬಂದ್ವು.”

“ಎಲ್ಲಾ ಒಡದಿಡು ಅಂತ ಹೇಳಿ ಕಳಿಸಿ ಎರಡು ಅಮಾಸಿ ಆತು.”

“ಹೂಂ. ಪೀಪಾಯಿ ಬರದಿದ್ರ ಇದ್ದಲಿ ಇರ್ಲಿ ಅಂದ್ರು ಸಾವ್ಕಾರ್ರು.”

ಪೆಟ್ರೋಲು ತಿರುಗಿ ಬಂದದ್ದನ್ನು ಅವಳು ದೇವರಿಚ್ಛೆ ಎಂದುಕೊಳ್ಳಬಲ್ಲವಳಾಗಿದ್ದಳು. ಗೊತ್ತಿದ್ದೂ ಒಡೆಸಿದ್ದನಲ್ಲ, ಅದನ್ನು ಹಾಗೆಂದುಕೊಳ್ಳಲಾಗಲಿಲ್ಲ. ಅಂದು ಸಂಜೆ ಗೂಡಿನ ಬಟ್ಟಲು ತೆಗೆದು, ಸಾವುಕಾರನ ಕೈ ಬಿದ್ದಿದ್ದ ಭಂಡಾರವನ್ನು ಗಿಡದ ಬುಡಕ್ಕೆ ಸುರಿದು ತೊಳೆದಿಟ್ಟಳು.

ಮರುದಿನ ಒಂದು ಬುಟ್ಟಿ ಹೊತ್ತುಕೊಂಡು ಈಶಪ್ಪನಲ್ಲಿಗೆ ಹೋದಳು. ಅವನು ಒಂದು ಹಿಡಿ ಕುಲುಮೆಗೆ ಹಾಕಿ ತಿದಿ ಒತ್ತಿದ. ಚೂರುಗಳು ಕಿಡಿಯಾಗಿ ಅವನ ಎದೆಗೇ ಹಾರಿದವು. ಅವನು ಅಂಗೈಯಿಂದ ಝಾಡಿಸಿಕೊಂಡು ಹೇಳಿದ: “ದಪ್ಪ ತುಂಡು ಸುಟ್ಟುಕೊಂಡು ಬಾ. ಟಿಣ್ ಅಂದ್ರ ತಗೋತೀನಿ.”

ತಿಂಗಳ ಮೇಲೆ, ಹೊಸದಾಗಿ ಸುಟ್ಟ ಬುಟ್ಟಿಯನ್ನು ತಲೆಯ ಮೇಲಿಟ್ಟು ಅವಳು ಕುಷ್ಟಗಿಯ ದಾರಿಯಲ್ಲಿದ್ದಾಗ ಹಿಂದಿನಿಂದ ಬಸ್ಸು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಉಮಾಪತಿ ಸಾವುಕಾರ.

“ಬಿಸಲಾಗ ಯಾಕ ನಡೀತೀ ಉಡಚವ್ವ? ಹತ್ತು. ನಿನಗ ಯಾವತ್ತೂ ಟಿಕೀಟ ಇಲ್ಲ. ಹುಲಿಗೆಮ್ಮನ ದರ್ಶನಕ್ಕ ಹುಲಿಗಿಗೆ ಹೋಗೂದಿದ್ರೂ ಸ್ಟೇಶನ್ ತನಕ ನಮ್ಮ ಬಸ್ಸಿನ್ಯಾಗ ಹೋಗು.”

ಕಿಟಕಿಯ ಮೇಲಿದ್ದ ಅವನ ಬಲಗೈಯನ್ನು ಅವಳು ನೋಡಿದಳು.

“ಬ್ಯಾಡ್ರಿ ಸಾವ್ಕಾರ್ರ. ಈಶಪ್ಪನ ಕುಲುಮಿ ದೂರಿಲ್ಲ” ಎಂದು, ಬಸ್ಸಿಗೆ ದಾರಿಯಾಗಲೆಂದು ರಸ್ತೆಯ ಅಂಚಿಗೆ ಸರಿದು ನಡೆದಳು.